ಕೇರಿಯ ಲೆಕ್ಕ ಯಾರ ಕೈಲಿದೆ?

 ಬರಹ ಸ್ವಲ್ಪ ಉದ್ದ ಆಗಿದೆ. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ವೈದ್ಯನಾಥಪುರದ ಕಡೆ ಕೇರಿಗಳಿಗೆ ಲೆಕ್ಕ ಬರ್ಕೊಳೋಕೆ ಮೂರು ಥರದ ಜನ ಬರ್ತಾರೆ. ಎಲೆಕ್ಷನ್ ಹತ್ತಿರ ಬಂದಾಗ ಪಕ್ಷದೋರು ಬರ್ತಾರೆ, ಮನೆಗೆ ಎಷ್ಟು ಓಟು ಅಂತ ಎಣಿಸ್ಕೊಂಡು ಹೋಗ್ತಾರೆ. ಆಗಾಗ ಸರ್ಕಾರದೋರು ಬರ್ತಾರೆ, ಮನೇಲಿ ಎಷ್ಟು ಜನ, ಯಾವ ಜಾತಿ, ಯಾವ ಕಾರ್ಡು ಅಂತ ಕೇಳ್ತಾರೆ. ಮೂರನೆಯವರು ಅಪರೂಪ. ಯಾವುದೋ ವಿಶ್ವವಿದ್ಯಾಲಯದಿಂದ, ಸಂಶೋಧನಾ ಸಂಸ್ಥೆಯಿಂದ ಬರೋ ಹುಡುಗ ಹುಡುಗೀರು. ವರ್ಷದಲ್ಲಿ ಎಷ್ಟು ದಿನ ಕೂಲಿ ಸಿಕ್ತು, ಸಾಲ ಯಾರ ಹತ್ರ ತಂದ್ರಿ, ಮಕ್ಕಳು ಯಾವ ಕ್ಲಾಸಿಗೆ ಸ್ಕೂಲು ಬಿಟ್ವು ಅಂತ ಗಂಟೆಗಟ್ಟಲೆ ಕೂತು ಕೇಳ್ತಾರೆ. ಓಟು ಯಾರಿಗೆ ಅಂತ ಮಾತ್ರ ಕೇಳಲ್ಲ.

ಈ ಮೂರನೆಯವರ ಬಗ್ಗೆ ನಮ್ಮ ಸಂಘಟನೆಗಳಲ್ಲಿ ಒಳ್ಳೆ ಮಾತಿಲ್ಲ. "ವರದಿ ಬರೆಯೋರಿಗೆ ಡಾಕ್ಟರೇಟ್ ಸಿಗುತ್ತೆ, ನಮಗೇನು ಸಿಗುತ್ತೆ?" ಅಂತ ಗೆಳೆಯರು ಕೇಳ್ತಾರೆ. ಕೇರಿಯ ಹಿರಿಯರೊಬ್ಬರು ಇನ್ನೂ ನೇರವಾಗಿ ಹೇಳಿದ್ದರು: "ಬರ್ಕೊಂಡೋದೋರು ಒಬ್ರೂ ತಿರುಗಿ ಬರ್ನಿಲ್ಲ ಕನಪ್ಪ." ಈ ಮಾತಿನಲ್ಲಿ ನಿಜ ಇದೆ. ಆದ್ರೂ ನಾನು ಇವತ್ತು ವಿಶ್ವವಿದ್ಯಾಲಯಗಳ ನೀತಿ ಸಂಶೋಧನೆಯ ಪರವಾಗಿ ಬರೆಯೋಕೆ ಕೂತಿದ್ದೀನಿ. ಅಂದ್ರೆ ಯಾವ ಪಕ್ಷಕ್ಕೂ ಸೇರದೆ, ಒಂದು ಕಾನೂನು, ಒಂದು ಯೋಜನೆ, ಒಂದು ಬಜೆಟ್ ನೆಲದ ಮೇಲೆ ಏನು ಮಾಡ್ತು ಅಂತ ಅಳೆದು ಬರೆಯುವ ಕೆಲಸ. ಅದರ ಪರವಾಗಿ ಬರೀತೀನಿ, ನನ್ನ ತಕರಾರನ್ನೂ ಸೇರಿಸಿ.

ಮೊದಲು ನಮ್ಮ ಜಿಲ್ಲೆಯದೇ ಒಂದು ಕತೆ.

1954ರಲ್ಲಿ ಮಂಡ್ಯಕ್ಕೆ ಒಬ್ಬ ಹೆಣ್ಣುಮಗಳು ಬಂದರು. ಹೆಸರು ಸ್ಕಾರ್ಲೆಟ್ ಎಪ್‌ಸ್ಟೀನ್. ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ, ನಾಜಿಗಳ ಕೈಯಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದವರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಸಂಶೋಧನೆಗೆ ಅಂತ ಬಂದು ನಮ್ಮ ಜಿಲ್ಲೆಯ ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದರು. ಹಳ್ಳಿಯ ನಿಜ ಹೆಸರು ಮರೆಸಿ, ಒಂದನ್ನು ವಂಗಲ ಅಂದರು, ಇನ್ನೊಂದನ್ನು ದಲೆನ ಅಂದರು. ವಂಗಲಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು. ದಲೆನ ಎತ್ತರದಲ್ಲಿತ್ತು, ಸುತ್ತ ಹಸಿರಾದರೂ ಅದಕ್ಕೆ ಮಾತ್ರ ನೀರು ಹತ್ತಲಿಲ್ಲ.

ನೀರು ಬಂದ ಊರು ಬದಲಾಗುತ್ತೆ, ಬರದ ಊರು ಹಿಂದೆ ಉಳಿಯುತ್ತೆ ಅಂತ ತಾನೇ ನಾವೆಲ್ಲ ಅಂದ್ಕೊಳೋದು? ಆಕೆ ಕಂಡಿದ್ದು ಬೇರೆ. ನೀರು ಬಂದ ವಂಗಲದಲ್ಲಿ ಕಬ್ಬು ಬಂತು, ಭತ್ತ ಬಂತು, ದುಡ್ಡು ಬಂತು, ಆದರೆ ಒಕ್ಕಲು ಮನೆಗೂ ಆದಿಕರ್ನಾಟಕದವರಿಗೂ ಇದ್ದ ತಲೆತಲಾಂತರದ ಆಳಿನ ಸಂಬಂಧ ಹಾಗೇ ಉಳೀತು. ನೀರಿಲ್ಲದ ದಲೆನದ ಜನ ಹೊರಗಡೆ ಕೆಲಸ, ವ್ಯಾಪಾರ ಅಂತ ಹುಡುಕ್ಕೊಂಡು ಹೋಗಬೇಕಾಯ್ತು. ಆ ಓಡಾಟದಲ್ಲಿ ಹಳೆಯ ಕಟ್ಟು ಸಡಿಲ ಆಯ್ತು. 1962ರಲ್ಲಿ ಇದು ಪುಸ್ತಕವಾಗಿ ಬಂತು. ಆಮೇಲೆ ಅದೇ ಹಳ್ಳಿಗಳಿಗೆ ತಿರುಗಿ ಬಂದು 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. ತಿರುಗಿ ಬಂದರು ಅನ್ನೋದನ್ನ ನೆನಪಿಟ್ಟುಕೊಳ್ಳಿ.

ಆಕೆ ಹೇಳಿದ ಇನ್ನೊಂದು ವಿಷಯ ನನ್ನ ಎದೆಗೆ ನಾಟಿದ್ದು. ಸುಗ್ಗಿಯಲ್ಲಿ ಆಳಿಗೆ ಅಳೆದು ಕೊಡ್ತಿದ್ದ ಧಾನ್ಯದ ಲೆಕ್ಕ ಅದು. ಬೆಳೆ ಚೆನ್ನಾಗಿ ಬರಲಿ, ಕೆಡಲಿ, ಆಳಿನ ಪಾಲು ಮಾತ್ರ ಅಷ್ಟೇ. ಕೆಟ್ಟ ವರ್ಷದಲ್ಲಿ ಅದರಿಂದ ಆಳಿನ ಮನೆ ಉಪವಾಸ ಬೀಳದೆ ಉಳೀತಿತ್ತು. ಒಳ್ಳೆ ವರ್ಷದಲ್ಲಿ ಹೆಚ್ಚು ಬೆಳೆದದ್ದೆಲ್ಲ ಜಮೀನಿನವನ ಕಣಜಕ್ಕೆ.

ನಮ್ಮ ತಾತ ಒಂದು ಮನೆಗೆ ಹಳೇಮಗ. ಈಗಿನ ಹುಡುಗರಿಗೆ ಆ ಪದದ ಅರ್ಥ ಗೊತ್ತಿಲ್ಲ. ಗೊತ್ತಿಲ್ಲದೆ ಇರೋದೇ ಒಳ್ಳೇದು. ಒಂದು ಗೌಡರ ಮನೆಗೆ ತಲೆಮಾರಿನಿಂದ ದುಡಿಯೋ ಮನೆತನ ಅಂತ. ಮದುವೆಗೂ ಅವನೇ, ಸಾವಿಗೂ ಅವನೇ, ಸತ್ತ ದನ ಎಳೆಯೋಕೂ ಅವನೇ. ತಾತ ಸಾಯೋವರೆಗೂ "ಬರಗಾಲದಲ್ಲೂ ಧಣಿ ಒಂದು ಪಲ್ಲ ಕಮ್ಮಿ ಕೊಡ್ನಿಲ್ಲ, ಅವರ ಋಣ ನಮ್ಮ ಮೇಲಿದೆ" ಅಂತಿದ್ದರು. ಆ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರ್ತಿತ್ತು, ಆದರೆ ಎದುರು ಹೇಳೋಕೆ ಮಾತಿರಲಿಲ್ಲ. ಬರಗಾಲದಲ್ಲಿ ಕೊಟ್ಟಿದ್ದು ನಿಜವೇ ತಾನೇ? ಎಪ್‌ಸ್ಟೀನ್ ಬರೆದದ್ದು ತಿಳಿದ ಮೇಲೆ ಎದುರುತ್ತರ ಸಿಕ್ತು. ಧಣಿ ಬರಗಾಲದಲ್ಲಿ ಎಷ್ಟು ಕೊಟ್ಟ ಅಂತ ಅಷ್ಟೇ ಅಲ್ಲ, ಒಳ್ಳೆ ವರ್ಷದಲ್ಲಿ ಎಷ್ಟು ಇಟ್ಕೊಂಡ ಅಂತಲೂ ಕೇಳಬೇಕು. ನಾಲೆ ಬಂದ ಮೇಲೆ ಒಳ್ಳೆ ವರ್ಷಗಳೇ ಜಾಸ್ತಿ ಆದ್ವು. ಅಂದ್ರೆ ಯಾರ ಋಣ ಯಾರ ಮೇಲಿದೆ?

ತಾತ ಋಣ ಅಂದದ್ದನ್ನ ಒಂದು ವಿಶ್ವವಿದ್ಯಾಲಯದ ಅಧ್ಯಯನ ಲೆಕ್ಕ ಅಂತ ತೋರಿಸ್ತು. ನೀತಿ ಸಂಶೋಧನೆ ಮಾಡೋದು ಇದೇ ಕೆಲಸ. ವೈದ್ಯನಾಥೇಶ್ವರನ ಗುಡಿಗೆ ರೋಗ ವಾಸಿಯಾಗಲಿ ಅಂತ ಹರಕೆ ಹೊತ್ತು ಬರೋ ಊರಿನವನು ನಾನು. ನಮ್ಮ ಜನಕ್ಕೆ ಹರಕೆ ಹೊರೋದು ಚೆನ್ನಾಗಿ ಗೊತ್ತು. ರೋಗ ಯಾವುದು ಅಂತ ಪರೀಕ್ಷೆ ಮಾಡಿಸೋದು ಇನ್ನೂ ರೂಢಿ ಆಗಿಲ್ಲ.

ಈಗ ನನ್ನ ತಕರಾರು. ಪಕ್ಷ ಇಲ್ಲ ಅಂದ ತಕ್ಷಣ ಜಾತಿ ಇಲ್ಲ ಅಂತಲ್ಲ.

1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಶುರುವಾಯ್ತು, ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ. ಕಟ್ಟಿದವರು ವಿ.ಕೆ.ಆರ್.ವಿ. ರಾವ್. ಕೇಂದ್ರದಲ್ಲಿ ಮಂತ್ರಿ ಆಗಿದ್ದವರೇ ಆಮೇಲೆ ಬಂದು ಸಂಶೋಧನಾ ಸಂಸ್ಥೆ ಕಟ್ಟಿದರು ಅನ್ನೋದು ದೊಡ್ಡ ಮಾತು. ಅವರ ಜೊತೆಗೆ ಬಂದವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಇದ್ದು ಅಭ್ಯಾಸ ಮಾಡಿ ಲೋಕಕ್ಕೆಲ್ಲ ಹೆಸರಾದವರು. ಆದರೆ ಆ ಊರಲ್ಲಿ ಅವರು ಉಳ್ಕೊಂಡಿದ್ದು ಪಟೇಲರ ಆಸರೆಯಲ್ಲಿ. ಬ್ರಾಹ್ಮಣನಾಗಿ, ಊರ ಯಜಮಾನನ ಅತಿಥಿಯಾಗಿ ಇದ್ದದ್ದರಿಂದ ಕೇರಿಯ ಬದುಕು ತಮಗೆ ಪೂರ್ತಿ ಕಾಣಲಿಲ್ಲ ಅನ್ನೋದನ್ನ ಅವರೇ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ ಪಟೇಲರ ಜಗಲಿಯಿಂದ ನೋಡಿದರೆ ಊರು ಒಂದು ಥರ ಕಾಣುತ್ತೆ, ಕೇರಿಯ ಬಾಗಿಲಿಂದ ನೋಡಿದರೆ ಇನ್ನೊಂದು ಥರ. ಸಂಶೋಧಕ ಯಾವ ಪಕ್ಷದವನೂ ಅಲ್ಲದೆ ಇರಬಹುದು, ಆದರೆ ಯಾವುದೋ ಒಂದು ಜಗಲಿ ಮೇಲೆ ಅಂತೂ ಕೂತಿರ್ತಾನೆ.

ಹಾಗಾದರೆ ಏನು ಮಾಡೋದು? ಸಂಶೋಧನೆಯನ್ನೇ ಬಿಡೋದಾ? ಬಾಬಾಸಾಹೇಬರು ಬಿಡಲಿಲ್ಲ. ಅವರನ್ನ ನಾವು ಸಂವಿಧಾನದ ಶಿಲ್ಪಿ ಅಂತೀವಿ, ಹೋರಾಟಗಾರ ಅಂತೀವಿ. ಅವರು ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಮೊದಲ ಸಾಲಿನ ನೀತಿ ಸಂಶೋಧಕ ಅನ್ನೋದನ್ನ ಮರೀತೀವಿ. 1918ರಲ್ಲಿ ಸಣ್ಣ ಹಿಡುವಳಿಗಳ ಸಮಸ್ಯೆ ಬಗ್ಗೆ ಬರೆದರು. 1919ರಲ್ಲಿ ಸೌತ್‌ಬರೋ ಸಮಿತಿ ಮುಂದೆ ಮತದಾನದ ಹಕ್ಕಿನ ಬಗ್ಗೆ ಸಾಕ್ಷಿ ಹೇಳಿದರು. 1923ರಲ್ಲಿ ರೂಪಾಯಿಯ ಸಮಸ್ಯೆ ಮೇಲೆ ಪುಸ್ತಕ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಿಂದ ಡಾಕ್ಟರೇಟ್. 1925ರಲ್ಲಿ ಪ್ರಾಂತ್ಯಗಳ ಹಣಕಾಸಿನ ಮೇಲೆ ಪುಸ್ತಕ. ಮಹಾಡದ ಕೆರೆ ನೀರು ಮುಟ್ಟಿದ್ದು 1927ರಲ್ಲಿ. ಇಸವಿಗಳನ್ನ ಸಾಲಾಗಿ ಇಟ್ಟು ನೋಡಿ. ಕೆರೆಗೆ ಇಳಿಯೋ ಮೊದಲೇ ಅವರು ಲೆಕ್ಕಕ್ಕೆ ಇಳಿದಿದ್ದರು.

ಅಂಕಿ ನಮಗೆ ಏನು ಕೊಡುತ್ತೆ ಅನ್ನೋರಿಗೆ ಎರಡು ಉದಾಹರಣೆ ಕೊಡ್ತೀನಿ.

ಒಂದು, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಕೇಂದ್ರವೊಂದು ದೇಶದ ದುಡಿಮೆ ಸ್ಥಿತಿಗತಿ ಬಗ್ಗೆ ವರದಿ ತರ್ತಾ ಬಂದಿದೆ. 2023ರ ವರದಿ ಜಾತಿ, ಲಿಂಗ, ಧರ್ಮ ಇವುಗಳಿಗೂ ಕೆಲಸಕ್ಕೂ ಇರೋ ನಂಟಿನ ಮೇಲೆ. ಕೂಲಿ ಮಾಡೋ ಅಪ್ಪನ ಮಗನೂ ಕೂಲಿಯವನೇ ಆಗ್ತಾನಾ ಅಂತ ಅವರು ನೋಡಿದ್ರು. 2004ರಲ್ಲಿ ಪರಿಶಿಷ್ಟರಲ್ಲಿ ಅಂಥ ಮಕ್ಕಳು ಶೇ 86, ಬೇರೆ ಜಾತಿಗಳಲ್ಲಿ ಶೇ 83. ಹೆಚ್ಚುಕಡಿಮೆ ಒಂದೇ. 2018ಕ್ಕೆ ಬಂದರೆ ಬೇರೆಯವರಲ್ಲಿ ಅದು ಶೇ 53ಕ್ಕೆ ಇಳಿದಿದೆ. ನಮ್ಮಲ್ಲಿ ಶೇ 76.

ಈ ಅಂಕಿ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮಪ್ಪ ಕಬ್ಬು ಕಡಿಯೋ ಕೂಲಿ. ನಾವು ಗಂಡು ಮಕ್ಕಳು ಮೂರು ಜನ. ಒಬ್ಬ ಗಾರೆ ಕೆಲಸ, ಒಬ್ಬ ಮದ್ದೂರಿನಲ್ಲಿ ಎಳನೀರು ಲೋಡಿಂಗ್. ಸಂಬಳ ಅಂತ ಕಂಡವನು ನಾನೊಬ್ಬನೇ. ಇಷ್ಟು ದಿನ ನಮ್ಮ ಮನೆಯಲ್ಲಿ "ಅವರಿಬ್ಬರಿಗೂ ಓದೋಕೆ ಮನಸ್ಸಿರಲಿಲ್ಲ" ಅನ್ನೋದೇ ಮಾತು. ನಮ್ಮವ್ವನೂ ಹಾಗೇ ನಂಬಿದ್ದಾರೆ, ತಮ್ಮಂದಿರೂ ಹಾಗೇ ನಂಬಿ ತಲೆ ತಗ್ಗಿಸ್ತಾರೆ. ಅಕ್ಕಪಕ್ಕದ ಬಡ ಮನೆಗಳ ಮಕ್ಕಳು ಅದೇ 14 ವರ್ಷದಲ್ಲಿ ಕೂಲಿಯಿಂದ ಮೇಲೆದ್ದ ವೇಗಕ್ಕೂ ನಮ್ಮವರು ಎದ್ದ ವೇಗಕ್ಕೂ ಇಷ್ಟು ವ್ಯತ್ಯಾಸ ಇದ್ದರೆ ಅದು ಒಂದು ಮನೆಯ ಹುಡುಗರ ಮನಸ್ಸಿನ ವಿಷಯ ಅಲ್ಲ. ಒಂದು ಅಂಕಿ ನನ್ನ ತಮ್ಮಂದಿರ ತಲೆ ಮೇಲಿಂದ ತಪ್ಪು ಇಳಿಸ್ತು. ಯಾವ ಭಾಷಣವೂ ಆ ಕೆಲಸ ಮಾಡಿರಲಿಲ್ಲ.

ಎರಡು, ನಮ್ಮ ದುಡ್ಡು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ ಶೇ 17.15, ಪರಿಶಿಷ್ಟ ಪಂಗಡ ಶೇ 6.95, ಒಟ್ಟು ಶೇ 24.1. ಯೋಜನೆಗಳ ದುಡ್ಡಿನಲ್ಲಿ ಅಷ್ಟು ಪಾಲು ನಮಗೆ ಇಡಬೇಕು ಅಂತ 2013ರಲ್ಲಿ ಕಾಯ್ದೆ ಬಂತು. ಒಳ್ಳೆ ಕಾಯ್ದೆ. ಆದರೆ ಒಳಗೆ 7ಡಿ ಅಂತ ಒಂದು ಕಿಂಡಿ ಇಟ್ಟರು. ಎಲ್ಲರಿಗೂ ಅಂತ ಮಾಡಿದ ಕಾಮಗಾರಿಯಲ್ಲಿ ಒಂದು ಪಾಲು ದಲಿತರಿಗೇ ಖರ್ಚಾಯ್ತು ಅಂತ 'ಭಾವಿಸೋಕೆ' ಅವಕಾಶ. ಅಂದ್ರೆ ದೊಡ್ಡ ರಸ್ತೆ ಮಾಡಿ, ಅದರ ಮೇಲೆ ನಾವೂ ಓಡಾಡ್ತೀವಲ್ಲ ಅಂತ ನಮ್ಮ ಲೆಕ್ಕಕ್ಕೆ ಬರೆದುಬಿಡಬಹುದು. ಹತ್ತು ವರ್ಷದಲ್ಲಿ ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂರೂ ಅಧಿಕಾರ ಕಂಡ್ವು. ಕಿಂಡಿ ಹಾಗೇ ಇತ್ತು. 2023ರಲ್ಲಿ ಅದನ್ನ ಕಿತ್ತರು. ಸಂತೋಷ. ಆದರೆ 2024-25ರಲ್ಲಿ ಇಟ್ಟ 39,121 ಕೋಟಿಯಲ್ಲಿ 14,282 ಕೋಟಿ ಗ್ಯಾರಂಟಿ ಯೋಜನೆಗಳಿಗೆ ಹೋಯ್ತು. ಫಲಾನುಭವಿಗಳಲ್ಲಿ ನಮ್ಮವರೂ ಇದ್ದಾರೆ ಅಂತ ಸರ್ಕಾರ ಹೇಳುತ್ತೆ. ಇದ್ದಾರೆ, ಸರಿ. ನಮ್ಮ ಅಕ್ಕನೂ ಎರಡು ಸಾವಿರ ತಗೋತಾರೆ, ಬಸ್ಸಲ್ಲಿ ಫ್ರೀಯಾಗಿ ಹೋಗ್ತಾರೆ. ಆದರೆ ಎಲ್ಲರಿಗೂ ಸಿಗೋದನ್ನ ನಮಗೆ ಮಾತ್ರ ನಮ್ಮ ಮೀಸಲು ಹುಂಡಿಯಿಂದ ತೆಗೆದು ಕೊಟ್ಟರೆ, ಕೇರಿಗೆ ಅಂತ ಹೆಚ್ಚಾಗಿ ಬಂದದ್ದೇನು?

ಈ ಪ್ರಶ್ನೆ ಇವತ್ತು ವಿರೋಧ ಪಕ್ಷ ಕೇಳುತ್ತೆ. ಅದು ಅಧಿಕಾರಕ್ಕೆ ಬಂದ ದಿನ ಕೇಳೋದು ನಿಲ್ಲಿಸುತ್ತೆ. ಯಾರೇ ಕುರ್ಚಿಯಲ್ಲಿರಲಿ, ಪ್ರತಿ ವರ್ಷ, ಒಂದೇ ಅಳತೆಗೋಲಿನಲ್ಲಿ ಈ ಲೆಕ್ಕ ಇಡೋರು ಒಬ್ಬರು ಬೇಕು. ಪಕ್ಷಾತೀತ ಅನ್ನೋ ಪದಕ್ಕೆ ನನ್ನ ಅರ್ಥ ಇಷ್ಟೇ. ನ್ಯಾಯ ಅನ್ಯಾಯದ ಮಧ್ಯೆ ಕೂತ್ಕೊಳೋದಲ್ಲ, ಅಳತೆಗೋಲು ಬದಲಾಯಿಸದೆ ಇರೋದು.

"ಅದಕ್ಕೆ ಆಯೋಗಗಳು ಇಲ್ವಾ?" ಅಂತ ಕೇಳ್ತೀರಿ. ಇದಾವೆ. ಆದರೆ ಆಯೋಗದ ವರದಿ ಸರ್ಕಾರದ ಆಸ್ತಿ. ಬೇಕಾದರೆ ತೆಗೀತಾರೆ, ಬೇಡದಿದ್ದರೆ ಬೀರು. ಸದಾಶಿವ ಆಯೋಗ 2005ರಲ್ಲಿ ಆಯ್ತು, 2012ರಲ್ಲಿ ವರದಿ ಕೊಡ್ತು, ಸದನದಲ್ಲಿ ಮಂಡನೆಯೇ ಆಗಲಿಲ್ಲ. 2015ರಲ್ಲಿ ಮನೆಮನೆಗೆ ಬಂದು ಮಾಡಿದ ಜಾತಿ ಸಮೀಕ್ಷೆಯ ವರದಿ ಸರ್ಕಾರದ ಕೈಗೆ ಹೋಗೋಕೇ 2024 ಆಯ್ತು. ವಿಶ್ವವಿದ್ಯಾಲಯ ತನ್ನ ವರದಿಯನ್ನ ತಾನೇ ಅಚ್ಚು ಹಾಕಬಹುದು, ಯಾವ ಕ್ಯಾಬಿನೆಟ್ಟೂ ಒಪ್ಪಬೇಕಾಗಿಲ್ಲ.

ಅದಕ್ಕೂ ಬೆಲೆ ತೆರಬೇಕು ಅನ್ನೋದು ಗೊತ್ತಿರಲಿ. 2023ರಲ್ಲಿ ಅಶೋಕ ವಿಶ್ವವಿದ್ಯಾಲಯದ ಅಧ್ಯಾಪಕ ಸಬ್ಯಸಾಚಿ ದಾಸ್ 2019ರ ಲೋಕಸಭಾ ಚುನಾವಣೆಯ ಅಂಕಿಗಳನ್ನ ಪರಿಶೀಲಿಸಿ ಒಂದು ಪ್ರಬಂಧ ಬರೆದರು. ಗದ್ದಲ ಎದ್ದಿತು, ಅವರು ರಾಜೀನಾಮೆ ಕೊಟ್ಟು ಹೋದರು. ಕೋಟಿಗಟ್ಟಲೆ ದುಡ್ಡಿರೋ ಖಾಸಗಿ ವಿಶ್ವವಿದ್ಯಾಲಯದಲ್ಲೇ ಹೀಗಾದರೆ, ಸರ್ಕಾರದ ಅನುದಾನದ ಮೇಲೆ ಬದುಕೋ ಸಂಸ್ಥೆಗಳ ಪಾಡು ಊಹಿಸಿ. ಅದಕ್ಕೇ ಅವುಗಳ ಸ್ವಾತಂತ್ರ್ಯ ಉಳಿಸೋದು ಪ್ರೊಫೆಸರುಗಳ ಕೆಲಸ ಮಾತ್ರ ಅಲ್ಲ, ನಮ್ಮದೂ ಹೌದು.

ಈಗ ಮನೆಯ ಮಾತಿಗೆ ಬರ್ತೀನಿ. ಈ ಬರಹ ಬರೆಯೋಕೆ ಅದೇ ಕಾರಣ.

ನನ್ನ ಅಕ್ಕನ ಮಗಳು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ್ದಾಳೆ. ಒಂದು ವಿಶ್ವವಿದ್ಯಾಲಯದ ನೀತಿ ಸಂಶೋಧನಾ ಕೇಂದ್ರದಲ್ಲಿ ಎರಡು ವರ್ಷದ ಕ್ಷೇತ್ರ ಸಂಶೋಧಕಿ ಕೆಲಸ ಸಿಕ್ಕಿದೆ. ಭಾವನಿಗೆ ಇಷ್ಟ ಇಲ್ಲ. "ಎರಡು ವರ್ಷ ಆದ್ಮೇಲೆ ಏನು? ಎಫ್‌ಡಿಎ ಬರ್ದು ಒಂದು ಗವರ್ಮೆಂಟು ಕೆಲಸ ಹಿಡೀಲಿ" ಅಂತಾರೆ. ಭಾವನನ್ನ ತಪ್ಪು ಅನ್ನೋಕಾಗಲ್ಲ. ನಮ್ಮ ಮನೆಗಳಲ್ಲಿ ಪರ್ಮನೆಂಟ್ ಅನ್ನೋ ಪದಕ್ಕೆ ಇರೋ ಬೆಲೆ ಏನು ಅಂತ ಮೇಲಿನ ಅಂಕಿಯೇ ಹೇಳುತ್ತೆ.

ಆದರೆ ಹುಡುಗಿಯ ಚಿಂತೆ ಬೇರೆ ಇತ್ತು. "ಮಾವ, ಅಲ್ಲಿ ಸೇರುದ್ರೆ ಯಾವ ಪಕ್ಷದ ಮೆರವಣಿಗೆಗೂ ಹೋಗಂಗಿಲ್ವಂತೆ. ನಾನು ನಮ್ಮೋರ ಪರ ಇಲ್ದಂಗೆ ಆಗಲ್ವಾ?"

ಪಕ್ಷ ಬೇರೆ, ನಮ್ಮೋರು ಬೇರೆ ಅಂದೆ. ಅವಳು ಬಿಡಲಿಲ್ಲ. "ಸರಿ ಮಾವ. ನಮ್ಮೋರಿಗೇ ಇಷ್ಟ ಆಗದಿರೋ ಲೆಕ್ಕ ಬಂದ್ರೆ? ಅವಾಗ ಬರೀಲಾ, ಬ್ಯಾಡ್ವಾ?"

ಅವಳು ಏನು ಕೇಳ್ತಿದ್ದಾಳೆ ಅಂತ ನನಗೆ ಗೊತ್ತಾಯ್ತು. ನಾವು ಬಲಗೈ ಸಮುದಾಯದವರು. 2025ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಒಳಮೀಸಲಾತಿ ವರದಿ ಕೊಟ್ಟಾಗ ಎಡಗೈ ಗುಂಪಿಗೆ ಶೇ 6, ಬಲಗೈಗೆ ಶೇ 5 ಅಂದಿತ್ತು. ಸ್ಪೃಶ್ಯ ಗುಂಪಿಗೆ ಶೇ 4, ತೀರಾ ಹಿಂದುಳಿದ ಅಲೆಮಾರಿಗಳಂಥ 59 ಸಣ್ಣ ಜಾತಿಗಳಿಗೆ ಶೇ 1, ಮೂಲ ಜಾತಿ ಹೇಳದೆ ಆದಿಕರ್ನಾಟಕ, ಆದಿದ್ರಾವಿಡ, ಆದಿಆಂಧ್ರ ಅಂತಷ್ಟೇ ಬರೆಸಿದವರಿಗೆ ಶೇ 1. ನಮ್ಮ ಮಂಡ್ಯ ಸೀಮೆಯಲ್ಲಿ 'ಎಕೆ' ಅಂದರೆ ಮುಗೀತು, ಅದರೊಳಗೆ ಯಾರು ಅಂತ ಕೇಳಿದರೆ ಹೇಳೋಕೆ ಸಂಕೋಚ. ಆ ಸಂಕೋಚವೇ ಒಂದು ಗುಂಪಾಯ್ತು. ನಮ್ಮವರು ಬೀದಿಗೆ ಬಂದರು. ನಮ್ಮ ದನಿ ದೊಡ್ಡದಿತ್ತು. ಆಗಸ್ಟ್ 19ಕ್ಕೆ ಸರ್ಕಾರ 6-6-5 ಮಾಡ್ತು. ನಮ್ಮ ಪಾಲು ಒಂದು ಏರಿತು. ಅಲೆಮಾರಿಗಳಿಗೆ ಅಂತ ಬೇರೆ ಇಟ್ಟಿದ್ದ ಒಂದು ಹೋಯ್ತು, ಅವರನ್ನ ದೊಡ್ಡವರಿದ್ದ ಗುಂಪಿಗೆ ಸೇರಿಸಿದರು.

ಇದನ್ನ ಬರೆದರೆ ನನ್ನ ಗೆಳೆಯರೇ ಕಾಮೆಂಟಿನಲ್ಲಿ ಬೈತಾರೆ ಅಂತ ಗೊತ್ತು. ಬೈಯಿರಿ. ಆದರೆ ಯೋಚನೆ ಮಾಡಿ. ಲೆಕ್ಕದ ಜಾಗದಲ್ಲಿ ಚೌಕಾಸಿ ಬಂದಾಗ ಜನ ಸೇರಿಸೋ ತಾಕತ್ತು ಇರೋರು ಗೆದ್ದರು, ಟೆಂಟ್ ಹಾಕ್ಕೊಂಡು ಊರೂರು ಸುತ್ತೋರು ಸೋತರು. ಸಾವಿರ ವರ್ಷ ನಮ್ಮ ಜೊತೆ ಆದದ್ದೂ ಇದೇ ತಾನೇ?

ಅದಕ್ಕೇ ಹುಡುಗಿಗೆ ಹೇಳಿದೆ: "ಬರೀಬೇಕು ಕಣವ್ವ. ನಮಗೆ ಬೇಡದ ಲೆಕ್ಕವನ್ನೇ ಮೊದ್ಲು ಬರಿ. ಆಗ ಮಾತ್ರ ನಮಗೆ ಬೇಕಾದ ಲೆಕ್ಕ ಬರೆದ ದಿನ ಜನ ನಂಬ್ತಾರೆ." ಅವಳು ಮುಂದಿನ ತಿಂಗಳು ಸೇರ್ತಾಳೆ. ಭಾವ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ. ಅದು ನಮ್ಮ ಮನೆ ವಿಷಯ, ಸರಿ ಹೋಗುತ್ತೆ.

ಕೊನೆಗೆ ಮೂರು ಮಾತು.

ವಿಶ್ವವಿದ್ಯಾಲಯದವರಿಗೆ: ನಮ್ಮ ಕೇರಿಗೆ ಬನ್ನಿ, ಆದರೆ ತಿರುಗಿ ಬನ್ನಿ. ವರದಿಯನ್ನ ಕನ್ನಡದಲ್ಲಿ, ನಾಲ್ಕೇ ಪುಟ ಆದರೂ ಸರಿ, ನಮ್ಮ ಸಮುದಾಯ ಭವನದಲ್ಲಿ ಓದಿ ಹೇಳಿ. ನಾವು ಕೇಳೋ ಪ್ರಶ್ನೆಗೆ ಉತ್ತರ ಕೊಡಿ. ಮತ್ತೆ ಪ್ರಶ್ನಾವಳಿ ಮಾಡೋ ಕೋಣೆಯಲ್ಲಿ ಕೇರಿಯಿಂದ ಬಂದವರು ಎಷ್ಟು ಜನ ಇದ್ದಾರೆ ಅಂತ ಮೊದಲು ನಿಮ್ಮದೇ ಒಂದು ಸಮೀಕ್ಷೆ ಮಾಡ್ಕೊಳಿ.

ಸಂಘಟನೆಯ ಗೆಳೆಯರಿಗೆ: ವರ್ಷಕ್ಕೆ ಒಂದಾದರೂ ವರದಿಯನ್ನ ಕೂತು ಓದೋಣ. ನಮ್ಮ ಊರಿನ ಲೆಕ್ಕ ನಾವೇ ಶುರು ಮಾಡೋಣ. ಮಂಜೂರಾದ ಜಮೀನು ಎಷ್ಟು, ಅದರಲ್ಲಿ ನಮ್ಮ ಕೈಲಿ ಉಳಿದಿದ್ದು ಎಷ್ಟು, ಸ್ಮಶಾನಕ್ಕೆ ದಾರಿ ಇದೆಯಾ, ಪಿಯುಸಿ ದಾಟಿದ ಹೆಣ್ಣು ಮಕ್ಕಳು ಎಷ್ಟು, ಪಂಚಾಯ್ತಿಗೆ ನಮ್ಮ ಹೆಸರಲ್ಲಿ ಬಂದ ದುಡ್ಡು ಎಲ್ಲಿ ಖರ್ಚಾಯ್ತು. ಒಂದು ನೂರು ಪುಟದ ನೋಟ್‌ಬುಕ್ಕು ಸಾಕು. ಪಂಚಾಯ್ತಿ ಲೆಕ್ಕ ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ನಾನು ಬರೆದುಕೊಡ್ತೀನಿ, ಮೆಸೇಜ್ ಮಾಡಿ.

ಓದೋ ಮಕ್ಕಳಿಗೆ: ಪೊಲೀಸ್ ಆಗಿ, ಪಿಡಿಒ ಆಗಿ, ಎಫ್‌ಡಿಎ ಆಗಿ, ಎಲ್ಲಾ ಒಳ್ಳೇದೇ. ನಿಮ್ಮಲ್ಲಿ ಯಾರಿಗಾದರೂ ಗಣಿತ ಇಷ್ಟ ಇದ್ದು, ಪ್ರಶ್ನೆ ಕೇಳೋ ಚಟ ಇದ್ದರೆ ಈ ದಾರಿಯೂ ಇದೆ ಅಂತ ತಿಳ್ಕೊಳಿ. ಇಷ್ಟು ವರ್ಷ ನಮ್ಮನ್ನ ಬೇರೆಯವರು ಎಣಿಸಿದರು. ಇನ್ನು ಮುಂದೆ ಎಣಿಸೋರ ಸಾಲಿನಲ್ಲಿ ನಾವೂ ಕೂರೋಣ.

ಜೈ ಭೀಮ್.